"ನಂಗ್ಯಾಕೆ ಸೂಜಿ ಚುಚ್ಚಿದ್ರಿ?"

ಶಿವಮೊಗ್ಗ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮನೆ ಸುದ್ದಿಯನ್ನೆಲ್ಲ ನಿನ್ನಮ್ಮ ದಿನಾ ಫೋನಿನಲ್ಲಿ ಒಪ್ಪಿಸುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಇ-ಮೇಲನ್ನು ಪ್ರಿಂಟ್ ತೆಗೆಸಿಕೊಂಡು ಓದಿದೆ. ಸ್ಕ್ರೀನಿನಲ್ಲಿ ಓದಿದ್ದು ನನಗೆ ತಲೆಗೆ ಹತ್ತುವುದಿಲ್ಲ. ಡ್ಯೂಟಿ, ಥೀಸಿಸ್, ಗೈಡಿನ ಸಿಟ್ಟು, ಎಲ್ಲ ನಮ್ಮ ಕಾಲದ ಹಾಗೇ ಇದೆ. ಅದಕ್ಕೆ ನಾನೇನೂ ಹೇಳಬೇಕಾಗಿಲ್ಲ. ಪಿಜಿ ಮುಗಿದರೆ ಅದೂ ಮುಗಿಯುತ್ತದೆ.

ಆದರೆ ಆ ಯಜಮಾನರ ವಿಷಯ ಬರೆದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸೊಸೆಗೆ ಎಂಡಿಆರ್ ಟಿಬಿ, ಅಂದರೆ ಮಾಮೂಲಿ ಮಾತ್ರೆಗಳಿಗೆ ಬಗ್ಗದ ಕ್ಷಯ, ಅಂತ ನಿಮ್ಮ ವಾರ್ಡಿಗೆ ಸೇರಿಸಿದ್ದಾರೆ. ಆರು ತಿಂಗಳು ಮಾತ್ರೆ, ಸೂಜಿ ಇಲ್ಲ ಅಂತ ನೀನು ಮನೆಯವರಿಗೆ ಬಿಡಿಸಿ ಹೇಳುತ್ತಿದ್ದೆ. ಜೊತೆಗಿದ್ದ ಮಾವನಿಗೆ ಕಿವಿ ಕೇಳುವುದಿಲ್ಲ. ಹತ್ತು ವರ್ಷದ ಹಿಂದೆ ಅವರಿಗೂ ಇದೇ ಕಾಯಿಲೆ ಬಂದು, ಕಾನಾಮೈಸಿನ್ ಚುಚ್ಚಿಸಿಕೊಂಡು ಕಿವಿ ಕಳೆದುಕೊಂಡವರು. ನೀನು ಹೇಳಿದ್ದನ್ನು ಮಗ ಚೀಟಿಯಲ್ಲಿ ಬರೆದು ತೋರಿಸಿದ. ಅವರು ಓದಿ, ಇಡೀ ವಾರ್ಡಿಗೆ ಕೇಳುವ ಹಾಗೆ "ಹಂಗಾದ್ರೆ ನಂಗ್ಯಾಕೆ ಸೂಜಿ ಚುಚ್ಚಿದ್ರಿ?" ಅಂದರು. ನೀನು ಏನೂ ಹೇಳದೆ ಪಕ್ಕದ ಬೆಡ್ಡಿಗೆ ಹೋದೆ.

ಅಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಅದರ ಕೆಳಗಿನ ಸಾಲು ನೋಡು: "ನಾನೀಗ ನಂಬಿ ಕೊಡ್ತಿರೋ ಮಾತ್ರೆಯೂ ಹತ್ತು ವರ್ಷಕ್ಕೆ ತಪ್ಪು ಅಂತಾದ್ರೆ, ದೊಡ್ಡಪ್ಪ? ಕೇಸ್‌ಶೀಟಲ್ಲಿ ಬರೆಯೋಕೆ ಪೆನ್ನು ತೆಗೆದ್ರೆ ಅದೇ ತಲೇಲಿ ಕೂರುತ್ತೆ."

ಪೆನ್ನು ತೆಗೆದಾಗ ಕೂರುತ್ತೆ ಅಂತೀಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಬರುವ ಭಯ ಬೇರೆ. ಕೈ ಹಿಡಿದು ನಿಲ್ಲಿಸುವ ಭಯ ಬೇರೆ.

ಆ ಸೂಜಿ ಕೊಡಿಸಿದವರಲ್ಲಿ ನಾನೂ ಒಬ್ಬ. ನಿನಗೆ ಗೊತ್ತಿರಲಿಕ್ಕಿಲ್ಲ. ಮನೆಯಲ್ಲಿ ನಾನು ಆಸ್ಪತ್ರೆ ಮಾತು ಆಡಿದವನೇ ಅಲ್ಲ. ನೀವು ಹಳೇ ರೆಜಿಮೆನ್ ಅಂತ ಒಂದೇ ಸಾಲಿನಲ್ಲಿ ಓದಿ ದಾಟುವುದನ್ನು ನಾವು ದಿನಾ ಕಣ್ಣಲ್ಲಿ ನೋಡಿದ್ದೇವೆ. ಭಾನುವಾರ ಬಿಟ್ಟು ವಾರಕ್ಕೆ ಆರು ದಿನ ಕಾನಾಮೈಸಿನ್, ಆರರಿಂದ ಒಂಬತ್ತು ತಿಂಗಳು. ಜೊತೆಗೆ ಲಿವೊಫ್ಲಾಕ್ಸಾಸಿನ್, ಇಥಿಯೊನಮೈಡ್, ಸೈಕ್ಲೊಸೆರಿನ್, ಮತ್ತೆ ಹಳೆಯ ಎರಡು. ಸೂಜಿ ಮುಗಿದ ಮೇಲೂ ಹದಿನೆಂಟು ತಿಂಗಳು ಮಾತ್ರೆ. ಬಂದವರೆಲ್ಲ ಎಲುಬಿನ ಹಂದರ. ಚುಚ್ಚಲು ಮಾಂಸವೇ ಇರುತ್ತಿರಲಿಲ್ಲ. ಸಿಸ್ಟರ್‌ಗಳು ಎಡ ಬಲ ಬದಲಾಯಿಸಿ, ಗಂಟು ಕಟ್ಟಿದ ಜಾಗ ಬಿಟ್ಟು, ಕೈಯಲ್ಲಿ ಒತ್ತಿ ಹುಡುಕಿ ಚುಚ್ಚುತ್ತಿದ್ದರು. ಇಥಿಯೊನಮೈಡ್ ನುಂಗಿದರೆ ವಾಂತಿ. ಸೈಕ್ಲೊಸೆರಿನ್ ತಗೊಂಡ ಕೆಲವರಿಗೆ ತಲೆಯೇ ಕೆಡುತ್ತಿತ್ತು.

ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ಇದ್ದಳು. ಸೂಜಿ ಶುರುವಾಗಿ ಕೆಲವು ತಿಂಗಳಿಗೆ ಬಂದು, "ಕಿವಿಯೊಳಗೆ ಜೀರುಂಡೆ ಕೂತಂಗೆ ಆಗ್ತದೆ ಸಾರ್" ಅಂದಳು. ಆಡಿಯೋಮೆಟ್ರಿ ಆಗಬೇಕೆಂದರೆ ಬೇರೆ ಊರಿಗೆ ಹೋಗಬೇಕು. ಹೋದ ದಿನ ವ್ಯಾಪಾರ ಇಲ್ಲ. ಸೂಜಿ ನಿಲ್ಲಿಸಬೇಕಾದರೆ ಮೇಲಿನ ಕಮಿಟಿ ಒಪ್ಪಬೇಕು. ಬರೆದೆ. ಉತ್ತರ ಬರುವಷ್ಟರಲ್ಲಿ ಜೀರುಂಡೆ ನಿಂತಿತ್ತು, ಜೊತೆಗೆ ಉಳಿದ ಸದ್ದೂ ನಿಂತಿತ್ತು. ಟಿಬಿ ವಾಸಿಯಾಯಿತು. ಕಾರ್ಡಿನಲ್ಲಿ ಕ್ಯೂರ್ಡ್ ಅಂತ ಬರೆದು ಸಹಿ ಹಾಕಿದೆ. ಕಿವಿಯ ಲೆಕ್ಕ ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.

ಆಮೇಲೆ ಅವಳು ಗಿರಾಕಿಗಳ ತುಟಿ ನೋಡಿ ರೇಟು ಹೇಳುತ್ತಾಳಂತೆ ಅಂತ ಯಾರೋ ಅಂದರು. ನಾನು ಹೋಗಿ ನೋಡಲಿಲ್ಲ. ನಾನು ದಿನಾ ಮನೆಗೆ ಬರುತ್ತಿದ್ದುದು ಆ ಸಂತೆ ಮೈದಾನದ ಪಕ್ಕದಲ್ಲೇ. ನಿನ್ನ ದೊಡ್ಡಮ್ಮ ಯಾವತ್ತಾದರೂ ಸೊಪ್ಪು ತನ್ನಿ ಅಂದರೆ ಬೇರೆ ಕಡೆಯಿಂದ ತರುತ್ತಿದ್ದೆ. ಇದನ್ನು ಅವಳಿಗೂ ಹೇಳಿಲ್ಲ. ಈ ಕಾಗದ ಅವಳ ಕಣ್ಣಿಗೆ ಬೀಳುವ ಮೊದಲು ಪೋಸ್ಟ್ ಮಾಡಬೇಕು.

2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಆ ದೊಡ್ಡ ವಿಶ್ಲೇಷಣೆ ಬಂತು. ನಿನಗೆ ಅದರ ಪರಿಚಯ ಇರುತ್ತದೆ. 25 ದೇಶಗಳ 12,030 ರೋಗಿಗಳ ಮಾಹಿತಿ. ಕಾನಾಮೈಸಿನ್, ಕ್ಯಾಪ್ರಿಯೋಮೈಸಿನ್ ತಗೊಂಡವರ ಫಲಿತಾಂಶ, ಆ ಸೂಜಿ ತಗೊಳ್ಳದವರಿಗಿಂತ ಕೆಟ್ಟದಾಗಿತ್ತು. ಅದು ರ‍್ಯಾಂಡಮ್ ಟ್ರಯಲ್ ಅಲ್ಲ, ಸೂಜಿಯಿಂದಲೇ ಕೆಟ್ಟಿತು ಅಂತ ಕಣ್ಣುಮುಚ್ಚಿ ಹೇಳಬಾರದು. ಆದರೆ ಉಪಕಾರ ಕಾಣಲಿಲ್ಲ ಅನ್ನುವುದು ಸ್ಪಷ್ಟ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಆ ಎರಡನ್ನೂ ಬಿಡಿ ಅಂದಿತು. ನಾವು ರೋಗಿಗಳಿಗೆ ಹೇಳುತ್ತಿದ್ದುದು ಏನು ಗೊತ್ತಾ? "ಕಿವಿ ಹೋದರೂ ಜೀವ ಉಳಿಯುತ್ತೆ." ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಜೀವ ಉಳಿಸಿದ್ದು ಬಹುಶಃ ಬೇರೆ ಮಾತ್ರೆಗಳು.

ಹಾಗಾಗಿ ಆ ಯಜಮಾನರ ಪ್ರಶ್ನೆ ನನಗೇ ಕೇಳಿದ್ದು ಅಂತ ಇಟ್ಟುಕೋ. ನೀನು ಆಗ ಹೈಸ್ಕೂಲಿನಲ್ಲಿದ್ದೆ. ನೀನು ಯಾಕೆ ತಲೆ ತಗ್ಗಿಸಿ ಪಕ್ಕದ ಬೆಡ್ಡಿಗೆ ಹೋಗಬೇಕು?

ಇದು ನಿನ್ನ ಭಯಕ್ಕೆ ಉತ್ತರ ಅಲ್ಲ, ಗೊತ್ತು. ನೀನು ಕೇಳಿದ್ದು ಹಿಂದಿನದನ್ನಲ್ಲ, ಮುಂದಿನದನ್ನು.

ಅವತ್ತು ನಮ್ಮ ಹತ್ತಿರ ಬೇರೆ ಏನೂ ಇರಲಿಲ್ಲ ಅಂತ ಹೇಳಿಬಿಡುವುದು ಸುಲಭ. ಪೂರ್ತಿ ನಿಜ ಅಲ್ಲ. ಎಂಡಿಆರ್‌ಗೆ ಬಂದ ಹೊಸ ಮಾತ್ರೆ ಬೆಡಾಕ್ವಿಲಿನ್‌ಗೆ ಅಮೆರಿಕದಲ್ಲಿ 2012ರ ಕೊನೆಯಲ್ಲೇ ಒಪ್ಪಿಗೆ ಸಿಕ್ಕಿತ್ತು. ನಮ್ಮ ದೇಶದಲ್ಲಿ 2016ರಲ್ಲಿ ಶುರುವಾದಾಗ ಆರೇ ಆರು ಕೇಂದ್ರಗಳಲ್ಲಿ. ಆ ಯಜಮಾನರಿಗೆ ಕಾಯಿಲೆ ಬಂದಾಗ ಮದ್ದು ಭೂಮಿ ಮೇಲೆ ಇತ್ತು, ಅವರ ತಾಲೂಕಿನಲ್ಲಿ ಇರಲಿಲ್ಲ. ಇದಕ್ಕೆ ನೀನಾಗಲಿ ನಾನಾಗಲಿ ಏನು ಮಾಡಬಹುದಿತ್ತು? ನನಗಂತೂ ತಿಳಿಯದು. ಹೊಸ ಸಂಶೋಧನೆ ಬಂತು ಅಂತ ನೀವು ಜರ್ನಲ್ ಕ್ಲಬ್ಬಿನಲ್ಲಿ ಖುಷಿ ಪಡುವಾಗ, ಅದು ಹಾಸಿಗೆ ಪಕ್ಕಕ್ಕೆ ಬರಲು ಎಷ್ಟು ಕಾಲ ಹಿಡಿಯುತ್ತೆ ಅಂತಲೂ ಒಬ್ಬರು ಕೇಳಬೇಕು. ನಮ್ಮ ಕಾಲದಲ್ಲಿ ಜರ್ನಲ್ ಕ್ಲಬ್ಬಿನಲ್ಲಿ ಪ್ರಶ್ನೆ ಕೇಳುವ ಪದ್ಧತಿಯೇ ಇರಲಿಲ್ಲ. ಪ್ರೊಫೆಸರ್ ಕೆಮ್ಮಿದರೆ ಮುಗಿಯಿತು ಅಂತ ಅರ್ಥ.

ಪ್ರಶ್ನೆ ಅಂದಾಗ ನೆನಪಾಯಿತು. ನಾನು ಡಿಟಿಸಿಡಿ, ಆ ಎದೆರೋಗದ ಡಿಪ್ಲೊಮಾ, ಮಾಡುವಾಗ ವೈವಾದಲ್ಲಿ ತಪ್ಪದೆ ಕೇಳುತ್ತಿದ್ದರು: ಕೆಲಸ ಮಾಡದ ಚಿಕಿತ್ಸೆಗೆ ಒಂದೇ ಒಂದು ಹೊಸ ಮದ್ದು ಸೇರಿಸಬಹುದಾ? ಸೇರಿಸಬಾರದು, ಕ್ರಿಮಿ ಅದಕ್ಕೂ ಪಳಗಿಬಿಡುತ್ತೆ ಅನ್ನದಿದ್ದರೆ ಫೇಲು. ಆಮೇಲೆ ನಾನು ಸರ್ಕಾರಿ ಕೆಲಸದಲ್ಲಿದ್ದಾಗ ಕ್ಯಾಟಗರಿ ಎರಡು ಅಂತ ಬಂತು. ಮೊದಲ ಸಲ ವಾಸಿಯಾಗದವರಿಗೆ ಅದೇ ಮಾತ್ರೆಗಳು, ಜೊತೆಗೆ ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್. ಅಂದರೆ ಒಂದೇ ಒಂದು ಹೊಸ ಮದ್ದು! ನಮ್ಮಲ್ಲಿ ಹೊಸದಾಗಿ ಸೇರಿದ್ದ ಹುಡುಗ ಡಾಕ್ಟರ್ ಒಬ್ಬ ಇದನ್ನು ಕೇಳಿದ. "ಪ್ರೋಗ್ರಾಂ ಹಾಗಿದೆ, ನೀನು ಕಾರ್ಡ್ ತುಂಬು" ಅಂದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟದ್ದು 2017ರಲ್ಲಿ. ಆ ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟು ಮೂಳೆ ಡಾಕ್ಟರ್ ಆಗಿದ್ದ. ಒಳ್ಳೇ ಚೆಸ್ಟ್ ಫಿಜಿಶಿಯನ್ ಆಗುತ್ತಿದ್ದ ಅಂತ ಈಗಲೂ ಅನಿಸುತ್ತೆ.

ನೋಡು, ನಿನಗೆ ಧೈರ್ಯ ಹೇಳಲು ಕೂತು ಏನೇನೋ ಹೇಳುತ್ತಿದ್ದೇನೆ.

ನಿನ್ನ ಭಯದಲ್ಲಿ ಒಂದು ಅಂಶ ಮಾತ್ರ ನನಗೆ ಒಪ್ಪಿಗೆ ಇಲ್ಲ. ಹೊಸದು ಬಂದಾಗ ಹಳೆಯದೆಲ್ಲ ಸುಳ್ಳಾಯಿತು ಅಂತ ನೀನು ಅಂದುಕೊಂಡಿದ್ದೀಯ. ಎಷ್ಟೋ ಸಲ ಹಾಗಲ್ಲ. ಮದರಾಸಿನ ಅಧ್ಯಯನ ನಿನಗೆ ಪಾಠದಲ್ಲಿ ಇದ್ದೇ ಇರುತ್ತದೆ. 1956ರಲ್ಲಿ ಶುರುವಾಗಿ 1959ರಲ್ಲಿ ಪ್ರಕಟವಾದದ್ದು. ಅರ್ಧ ರೋಗಿಗಳು ಸ್ಯಾನಟೋರಿಯಂನಲ್ಲಿ, ಒಳ್ಳೇ ಊಟ, ವಿಶ್ರಾಂತಿ. ಇನ್ನರ್ಧ ತಮ್ಮ ಇಕ್ಕಟ್ಟು ಮನೆಗಳಲ್ಲೇ, ಸಿಕ್ಕಿದ್ದು ಉಂಡುಕೊಂಡು. ಇಬ್ಬರಿಗೂ ಒಂದೇ ಮಾತ್ರೆ, ಒಂದು ವರ್ಷ. ಹೆಚ್ಚುಕಡಿಮೆ ಒಂದೇ ಥರ ವಾಸಿಯಾದರು. ಜಗತ್ತಿನ ಸ್ಯಾನಟೋರಿಯಂಗಳು ಬಾಗಿಲು ಹಾಕಲು ಆ ಅಧ್ಯಯನವೂ ಒಂದು ದೊಡ್ಡ ಕಾರಣವಾಯಿತು. ಒಳ್ಳೆಯದೇ ಆಯಿತು. ಅದಕ್ಕೆ ಮುಂಚೆ ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂನಂಥ ಕಡೆ ಜಾಗಕ್ಕಾಗಿ ಕಾಯುತ್ತಲೇ ಸತ್ತವರ ಕಥೆ ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದರು.

ಆದರೆ ನಾವು ಆ ಅಧ್ಯಯನದಿಂದ ಕಲಿತದ್ದು ಏನು? ಊಟ ಮುಖ್ಯ ಅಲ್ಲ ಅಂತ. ರೋಗಿ "ಏನು ತಿನ್ಲಿ ಸಾರ್?" ಅಂದರೆ "ಏನಾದ್ರೂ ತಿನ್ನು, ಮಾತ್ರೆ ಮಾತ್ರ ಬಿಡಬೇಡ" ಅಂತ ಇಡೀ ಸರ್ವೀಸು ಹೇಳಿದವನು ನಾನು. ಈಗ 2023ರಲ್ಲಿ ರೇಷನ್ಸ್ ಟ್ರಯಲ್ ಬಂತು. ಮಂಗಳೂರಿನ ಯೆನೆಪೋಯ ಕಾಲೇಜಿನ ಭಾರ್ಗವ ದಂಪತಿ ಮುಂದೆ ನಿಂತು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಮಾಡಿದ್ದು. ಟಿಬಿ ರೋಗಿಯ ಮನೆಯವರಿಗೆ ದೊಡ್ಡವರ ತಲೆಗೆ ತಿಂಗಳಿಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಅಷ್ಟೇ. ಮನೆಯವರಲ್ಲಿ ಹೊಸದಾಗಿ ಟಿಬಿ ಬರುವುದು 39% ಇಳಿಯಿತು. ಹರಡುವಂಥ ಟಿಬಿ 48% ಇಳಿಯಿತು. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರು ಸಾಯುವುದು ಕಡಿಮೆ ಇತ್ತು. ಆ ಕೆಲಸದಲ್ಲಿ ಜೊತೆಗಿದ್ದ ಚೆನ್ನೈನ ಸಂಸ್ಥೆ ಯಾವುದು ಗೊತ್ತಲ್ಲ? 1959ರ ಅಧ್ಯಯನ ಮಾಡಿದ ಅದೇ ಕೇಂದ್ರ, ಹೆಸರು ಮಾತ್ರ ಬೇರೆ.

ಹಾಗಾದರೆ 1959ರದ್ದು ತಪ್ಪಾ? ಇಲ್ಲ. ಅವರು ಕೇಳಿದ್ದು ಮಾತ್ರೆ ತಗೊಂಡ ರೋಗಿ ಮನೆಯಲ್ಲೇ ವಾಸಿಯಾಗುತ್ತಾನಾ ಅಂತ. ಆಗುತ್ತಾನೆ. ಹಸಿದ ಮನೆಯಲ್ಲಿ ಇನ್ನೊಬ್ಬರಿಗೆ ಊಟದಿಂದ ಕಾಯಿಲೆ ತಪ್ಪುತ್ತಾ ಅಂತ ಅವರು ಕೇಳಿರಲೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ನಾವೇ ಕಟ್ಟಿಕೊಂಡೆವು. ನೀನು ಓದುವಾಗ ಇದೊಂದು ನೋಡಿಕೋ. ಯಾವ ಪೇಪರ್ ಆದರೂ ಅದು ಏನು ಕೇಳಿತ್ತು ಅಂತ ಮೊದಲು ನೋಡು. ಇದನ್ನೆಲ್ಲ ನಿನಗೆ ಹೇಳಲು ನಾನು ಯಾರು? ನೀವು ಬಯೋಸ್ಟ್ಯಾಟ್ಸ್ ಕಲಿತವರು. ಸುಮ್ನೆ ಹೇಳಿದೆ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. "ಈಗ ಕೊಡ್ತಿರೋ ಮಾತ್ರೆಯೂ..."

ಆಗಬಹುದು. ಆಗುವುದಿಲ್ಲ ಅಂತ ಸುಳ್ಳು ಹೇಳಲಾರೆ. ಆಗಲೇ ಸ್ವಲ್ಪ ಆಗಿದೆ ಕೂಡ. ಆ ಸೊಸೆಗೆ ನೀವು ಕೊಡುತ್ತಿರುವ ಬಿಪಾಲ್ಮ್, ಆ ನಾಲ್ಕು ಮಾತ್ರೆಗಳ ಚಿಕಿತ್ಸೆಯಲ್ಲಿ ಲಿನೆಜೋಲಿಡ್ ಇದೆಯಲ್ಲ, ನಿಕ್ಸ್ ಟ್ರಯಲ್‌ನಲ್ಲಿ ಅದನ್ನು ದಿನಕ್ಕೆ 1,200 ಮಿಲಿಗ್ರಾಂ ಕೊಟ್ಟರು. 109 ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಒಳ್ಳೆಯದಾಯಿತು. ಆದರೆ 81% ಜನರಿಗೆ ಕೈಕಾಲಿನ ನರಕ್ಕೆ ಪೆಟ್ಟು ಬಿತ್ತು. ಅಲ್ಲಿಗೆ ಸುಮ್ಮನಾಗಲಿಲ್ಲ ಅವರು. ಝೀನಿಕ್ಸ್ ಅಂತ ಇನ್ನೊಂದು ಟ್ರಯಲ್ ಮಾಡಿ ಡೋಸ್ ಅರ್ಧ ಮಾಡಿದರು. 2022ರಲ್ಲಿ ಪ್ರಕಟವಾಯಿತು. 600 ಮಿಲಿಗ್ರಾಂ, ಆರು ತಿಂಗಳು ಕೊಟ್ಟರೂ 91% ಜನ ವಾಸಿಯಾದರು, ನರದ ತೊಂದರೆ 24%ಕ್ಕೆ ಇಳಿಯಿತು. ನೀನು ಇವತ್ತು 600 ಬರೆಯುವುದು ಅದಕ್ಕೇ. ಮೊದಲು 1,200 ತಗೊಂಡವರಲ್ಲಿ ಯಾರೋ ಪಾದ ಉರಿಯುತ್ತೆ ಅಂದರು, ಅದನ್ನು ಯಾರೋ ಬರೆದಿಟ್ಟರು.

ಆ ಬರೆದಿಡುವ ಕೆಲಸ ಇದೆಯಲ್ಲ, ನಿನ್ನ ಪೆನ್ನು ಅಲ್ಲಿ ನಿಲ್ಲಬಾರದು. ನನಗೆ ಹೇಳಬೇಕು ಅನಿಸಿದ್ದು ಬಹುಶಃ ಇಷ್ಟೇ. ಡೋಸ್ ಬರೆಯುವಾಗ ಹೆದರಿಕೆ ಆದರೆ ಆಗಲಿ. ಆಮೇಲೆ ಆ ಸೊಸೆ ಹೇಳಿದ್ದನ್ನೂ ಬರಿ, ಅವಳ ಮಾತಲ್ಲೇ ಬರಿ. ಜೀರುಂಡೆ ಅಂದರೆ ಜೀರುಂಡೆ ಅಂತಲೇ. ನಾವು ಅದನ್ನು ಟಿನಿಟಸ್ ಅಂತ ಮಾಡಿ, ಆಮೇಲೆ ಬರೀ ಪ್ಲಸ್ ಗುರುತು ಹಾಕಿ ಬಿಟ್ಟೆವು.

ಬೆಂಗಳೂರಿನ ಎನ್‌ಟಿಐಯವರು, ಅಂದರೆ ರಾಷ್ಟ್ರೀಯ ಕ್ಷಯ ಸಂಸ್ಥೆಯವರು, ತುಮಕೂರು ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ಕೇಳಿ 1963ರಲ್ಲಿ ಪ್ರಕಟಿಸಿದ್ದರು. ಹಳ್ಳಿಯವರಿಗೆ ಟಿಬಿ ಗೊತ್ತಾಗುವುದಿಲ್ಲ, ಅವರಾಗಿ ಬರುವುದಿಲ್ಲ ಅಂತ ಆಗ ಎಲ್ಲರ ನಂಬಿಕೆ. ಹೋಗಿ ನೋಡಿದರೆ ಕಾಯಿಲೆ ಇದ್ದವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಆಗಲೇ ಆಸ್ಪತ್ರೆಗೆ ಬಂದು ಹೋಗಿದ್ದರು. ನಮ್ಮಂಥವರು ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ಕಳಿಸಿದ್ದರು. ಅವರು ಬಂದಿದ್ದರು, ಹೇಳಿದ್ದರು. ಕೇಳಿಸಿಕೊಳ್ಳುವವರು ಇರಲಿಲ್ಲ. ಸೊಪ್ಪಿನವಳೂ ಹೇಳಿದ್ದಳು.

ಆ ಯಜಮಾನರಿಗೆ ಏನು ಹೇಳುವುದು ಅಂತ ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ, ಬೇಡ ಅನಿಸಿದರೆ ಬಿಡು. ಸೊಸೆಯನ್ನು ನೋಡಲು ಅವರು ಮತ್ತೆ ಬರುತ್ತಾರಲ್ಲ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೊಡು. ನಿಮ್ಮ ಕಿವಿ ಹೋದದ್ದು ಆ ಸೂಜಿಯಿಂದಲೇ. ಆ ಸೂಜಿ ಬೇಡ ಅಂತ ಗೊತ್ತಾದದ್ದು ಆಮೇಲೆ. ನಿಮ್ಮಂಥವರಿಗೆ ಆದದ್ದನ್ನು ನೋಡಿಯೇ ಅದನ್ನು ನಿಲ್ಲಿಸಿದ್ದು. ಇಷ್ಟು ಸಾಕು. "ನಿಮ್ಮ ತ್ಯಾಗ" ಗೀಗ ಅಂತೆಲ್ಲ ಬರೆಯಬೇಡ. ಅವರನ್ನು ಯಾರೂ ಕೇಳಿ ಕಿವಿ ತಗೊಳ್ಳಲಿಲ್ಲ. ಬೈದರೆ ಬೈಸಿಕೋ. ನಿನ್ನ ಪಾಲಿನದ್ದಲ್ಲ, ನನ್ನ ಪಾಲಿನದ್ದು, ಆದರೆ ನಾನು ಅಲ್ಲಿಲ್ಲವಲ್ಲ. ಹಾಗೇ ಕಿವಿ ಪರೀಕ್ಷೆ ಎಂದಾದರೂ ಆಗಿದೆಯಾ ಕೇಳು. ಮೈಸೂರು ಕಡೆಯವರು ಅಂದೆಯಲ್ಲ, ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಒಂದು ಚೀಟಿ ಬರೆದುಕೊಡು. ಎಷ್ಟು ಉಳಿದಿದೆಯೋ ನೋಡಿ ಹೇಳುತ್ತಾರೆ. ಅಂಗವಿಕಲರ ಕಾರ್ಡಿಗೂ ಅದು ಬೇಕಾಗುತ್ತದೆ. ಹತ್ತು ವರ್ಷದಲ್ಲಿ ಅವರಿಗೆ ಇದನ್ನು ಯಾರೂ ಹೇಳದೆ ಇದ್ದರೂ ಆಶ್ಚರ್ಯ ಇಲ್ಲ.

ನಿನ್ನ ಮಾಸ್ಕ್ ವಿಷಯ ನಿನ್ನಮ್ಮ ಹೇಳು ಅಂದಿದ್ದಾಳೆ. ಎನ್95 ಗಲ್ಲಕ್ಕೆ ಹಾಕಿಕೊಂಡು ಓಡಾಡುವ ಫೋಟೋ ನೋಡಿದೆ. ಅದು ಗಲ್ಲಕ್ಕಲ್ಲ. ರೌಂಡ್ಸಿನಲ್ಲಿ ಕಿಟಕಿ ತೆಗೆಸು, ಚಳಿ ಅಂತ ರೋಗಿಗಳು ಗೊಣಗಿದರೂ ಪರವಾಗಿಲ್ಲ. ಇಷ್ಟು ಹೇಳಿ ಅವಳ ಮಾತು ಮುಗಿಸಿದ್ದೇನೆ.

ಬ್ರಾಂಚ್ ಬದಲಾಯಿಸುವ ಯೋಚನೆ ಏನಾದರೂ ಇದೆಯಾ? ಬರೆದಿಲ್ಲ ನೀನು, ಆದರೆ ಆ ಸಾಲಿನ ಹಿಂದೆ ಅದು ಇದ್ದ ಹಾಗೆ ಕಂಡಿತು. ಇದ್ದರೆ ನಾನು ತಡೆಯುವುದಿಲ್ಲ. ಆ ಮೂಳೆ ಡಾಕ್ಟರ್ ಹುಡುಗ ಚೆನ್ನಾಗಿಯೇ ಇದ್ದಾನೆ. ಆದರೆ ಈ ಭಯ ಇಲ್ಲದ ಬ್ರಾಂಚ್ ಹುಡುಕಿಕೊಂಡು ಹೋಗುವುದಾದರೆ, ಅಂಥದ್ದು ನನಗೆ ಗೊತ್ತಿಲ್ಲ. ಇದನ್ನು ಫೋನಿನಲ್ಲಿ ಮಾತಾಡೋಣ. ಡ್ಯೂಟಿ ಇಲ್ಲದ ದಿನ ಮಾಡು, ಡ್ಯೂಟಿ ಮುಗಿಸಿ ತೂಕಡಿಸುತ್ತಾ ಮಾಡಬೇಡ.

ಆ ಸೊಸೆಯ ಬಗ್ಗೆ ನೀನು ಪೂರ್ತಿ ಬರೆದಿಲ್ಲ. ಹಿಮೋಗ್ಲೋಬಿನ್ ಎಷ್ಟಿದೆ? ಲಿನೆಜೋಲಿಡ್ ಶುರುವಾದ ಮೇಲೆ ಮತ್ತೆ ಮಾಡಿಸಿದಿರಾ? ಇಸಿಜಿ? ಕಾಲಿನ ಬಗ್ಗೆ ಕೇಳುವಾಗ ಮರಗಟ್ಟುತ್ತಾ ಅಂತ ಕೇಳಬೇಡ, ಇಲ್ಲ ಅಂದುಬಿಡುತ್ತಾರೆ. ನಡೆಯುವಾಗ ಚಪ್ಪಲಿ ಜಾರಿದ್ದು ಗೊತ್ತಾಗುತ್ತಾ ಅಂತ ಕೇಳು. ತೂಕ ಎಷ್ಟು, ಮನೆಯಲ್ಲಿ ಅಡಿಗೆಗೆ ಏನಿದೆ, ಊಟಕ್ಕೆ ಅಂತ ಸರ್ಕಾರದಿಂದ ತಿಂಗಳಿಗೆ ಬರಬೇಕಾದ ಆ 1,000 ರೂಪಾಯಿ ಅವಳ ಖಾತೆಗೆ ಬರುತ್ತಿದೆಯಾ? ಮಕ್ಕಳಿದ್ದಾರಾ? ಇದ್ದರೆ ಅವರನ್ನು ಯಾರಾದರೂ ನೋಡಿದ್ದಾರಾ? ಎಂಡಿಆರ್ ಮನೆಯ ಮಕ್ಕಳಿಗೂ ಆರು ತಿಂಗಳು ಲಿವೊಫ್ಲಾಕ್ಸಾಸಿನ್ ಕೊಡಬಹುದು ಅಂತ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆಯಲ್ಲ, ನಿಮ್ಮ ಯೂನಿಟ್‌ನಲ್ಲಿ ಅದು ಶುರುವಾಗಿದೆಯಾ? ಇವಕ್ಕೆಲ್ಲ ಉತ್ತರ ಬರಿ.

ಇಂತಿ ನಿನ್ನ
ದೊಡ್ಡಪ್ಪ